ನಾಲ್ಕು ಮೂಲೆಗಳ ಆರ್ವೋ

ದೊಡ್ಡ ಸರೋವರದ ದಂಡೆಯ ಥಂಡರ್ ಬೇ ಊರಿನಲ್ಲಿ ಯಾರ ಮನೆಯ ನೆಲಮಾಳಿಗೆ ಹೇಗಿದೆ ಅನ್ನುವುದು ಆರ್ವೋ ನಿಸ್ಕಲನಿಗೆ ಗೊತ್ತಿದ್ದಷ್ಟು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ನೀರಿನ ಮೀಟರ್ ಓದುವ ಕೆಲಸ ಅವನದು. ಬಾಗಿಲು ತಟ್ಟಬೇಕು, ಬೂಟಿನ ಹಿಮ ಕೊಡವಿ ಒಳಗೆ ಬರಬೇಕು, ಮೆಟ್ಟಿಲಿಳಿದು ಟಾರ್ಚು ಬಿಟ್ಟು ಮೀಟರ್ ನೋಡಿ ಬರೆದುಕೊಳ್ಳಬೇಕು, ಮೇಲೆ ಬಂದು "ಆಯ್ತಮ್ಮ, ಬರ್ತೀನಿ" ಅಂದು ಹೊರಡಬೇಕು. ಯಾರು ಮನೆಯಲ್ಲೇ ದ್ರಾಕ್ಷಿ ಹಿಂಡಿ ವೈನ್ ಮಾಡುತ್ತಾರೆ, ಯಾರ ಮಗ ಹಾಕಿ ಆಡುವುದು ಬಿಟ್ಟಮೇಲೂ ಅವನ ಕೋಲುಗಳನ್ನು ಎತ್ತಿಟ್ಟುಕೊಂಡಿದ್ದಾರೆ, ಯಾವ ಗಂಡ ಹೆಂಡತಿಯ ಮೇಲೆ ಮುನಿಸಿಕೊಂಡು ಬಾಯ್ಲರ್ ಪಕ್ಕ ಹಾಸಿಗೆ ಹಾಸಿಕೊಂಡಿದ್ದಾನೆ, ಎಲ್ಲವನ್ನೂ ಕಂಡಿದ್ದ. ಕಂಡದ್ದನ್ನು ಯಾರಿಗೂ ಹೇಳಿದವನಲ್ಲ. ಹೇಳೋಣವೆಂದರೆ ಮನೆಯಲ್ಲಿ ಕೇಳುವವರೂ ಇರಲಿಲ್ಲ. ಮದುವೆ ಎರಡು ಸಲ ಮಾತಿನ ತನಕ ಬಂದು ನಿಂತುಹೋಗಿತ್ತು. ಸಡ್‌ಬರಿಯಲ್ಲಿದ್ದ ಅಕ್ಕ ಐಲಿ ಭಾನುವಾರ ಫೋನ್ ಮಾಡುತ್ತಿದ್ದಳು. ತನ್ನ ಮೊಣಕಾಲು ನೋವಿನ ಕಥೆ ಮುಗಿದಮೇಲೆ "ನೀನು ಹೇಗಿದ್ದೀಯೋ?" ಅನ್ನುತ್ತಿದ್ದಳು. "ಇದ್ದೀನಿ" ಅನ್ನುತ್ತಿದ್ದ.

ಅಂಥ ಒಂದು ನೆಲಮಾಳಿಗೆಯಲ್ಲಿಯೇ ಅವನಿಗೆ ರೈಲು ಸಿಕ್ಕಿದ್ದು. ಓರೆಸ್ಟ್ ಬಿಲಿಕ್ ಅನ್ನುವವನ ಮನೆ. ಬಂದರಿನ ಧಾನ್ಯದ ಗೋದಾಮಿನಲ್ಲಿ ಫೋರ್‌ಮನ್ ಆಗಿದ್ದ ಆಳು, ದೊಡ್ಡ ಗಂಟಲು, ದೊಡ್ಡ ಹೊಟ್ಟೆ. ಆರ್ವೋ ಮೀಟರ್ ಓದಿ ತಿರುಗುವಾಗ ದೀಪದ ಕೆಳಗೆ ಎದೆಯೆತ್ತರದ ಮೇಜಿನ ಮೇಲೆ ಹಳಿ, ಸೇತುವೆ, ಗೋಧಿ ಸಾಗಿಸುವ ಬೆರಳುದ್ದದ ರೈಲುಡಬ್ಬಿಗಳು ಕಂಡವು. ಅವನು ನಿಂತದ್ದನ್ನು ಓರೆಸ್ಟ್ ನೋಡಿದ.

"ಓಡಿಸ್ತೀಯಾ?"

"ಇನ್ನೂ ಎಂಟು ಮನೆ ಇದೆ."

"ನೀರು ಎಲ್ಲಿಗೂ ಹೋಗಲ್ಲ ಮಾರಾಯ, ಬಾ" ಅಂದು ಓರೆಸ್ಟ್ ರಿಮೋಟನ್ನು ಅವನ ಕೈಗಿಟ್ಟ.

ಅದು ಇಡೀ ರೈಲುದಾರಿಯಲ್ಲ, ದಾರಿಯ ಒಂದು ತುಂಡು ಮಾತ್ರ. ಓರೆಸ್ಟನಂತೆ ಪುಟಾಣಿ ರೈಲು ಕಟ್ಟುವ ಹುಚ್ಚಿನವರ ಗುಂಪೊಂದಿತ್ತು, ಅದರಲ್ಲಿ ಹದಿನೈದಿಪ್ಪತ್ತು ಜನ. ಒಬ್ಬೊಬ್ಬರೂ ತಮ್ಮ ಮನೆಯಲ್ಲಿ ಒಂದೊಂದು ತುಂಡು ಕಟ್ಟುತ್ತಾರೆ. ತುಂಡಿನೊಳಗೆ ಏನಾದರೂ ಇರಲಿ, ಎರಡು ತುದಿಗಳು ಮಾತ್ರ ಎಲ್ಲರದೂ ಒಂದೇ ಅಳತೆ. ಪ್ರದರ್ಶನದ ದಿನ ಶಾಲೆಯ ಜಿಮ್ಮಿನಲ್ಲೋ ಕರ್ಲಿಂಗ್ ಆಟದ ಕ್ಲಬ್ಬಿನಲ್ಲೋ ಸೇರಿ ಎಲ್ಲವನ್ನೂ ಕ್ಲಾಂಪು ಹಾಕಿ ಜೋಡಿಸಿದರೆ ಒಂದು ದೊಡ್ಡ ಸುತ್ತು ಆಗುತ್ತದೆ. ಗುಂಪಿನವರು ಒಳಗೆ ನಿಂತು ಓಡಿಸುತ್ತಾರೆ, ಜನ ಹೊರಗೆ ನಿಂತು ನೋಡುತ್ತಾರೆ.

ಆರ್ವೋ ಸೇರಿದ ಹೊಸದರಲ್ಲಿ ಗುಂಪಿಗೆ ಒಂದೇ ತಾಪತ್ರಯ. ನೇರ ತುಂಡುಗಳು ಬೇಕಾದಷ್ಟಿದ್ದವು, ಮೂಲೆಗಳನ್ನು ಕಟ್ಟುವವರಿರಲಿಲ್ಲ. ಮೂಲೆಯೆಂದರೆ ಅಗಲ, ಭಾರ, ಕಾರಿನಲ್ಲಿ ಹಿಡಿಯುವುದಿಲ್ಲ. ಮೇಲಾಗಿ ಅಲ್ಲಿ ಪಟ್ಟಣ, ಸ್ಟೇಷನ್ನು ಅಂತ ಚಂದ ಮಾಡಲು ಬರುವುದಿಲ್ಲ, ಬಾಗಿದ ಹಳಿ ಅಷ್ಟೇ. ನೋಡುವವರೂ ಅಲ್ಲಿ ನಿಲ್ಲುವುದಿಲ್ಲ. ಪ್ರತಿ ಸಲ ದೇಶದ ಗಡಿಯಾಚೆ ಡುಲೂತ್ ಊರಿನ ಇಂಥದೇ ಗುಂಪಿನಿಂದ ಎರವಲು ತರಬೇಕಿತ್ತು. ಒಂದು ಸಭೆಯಲ್ಲಿ ಈ ಮಾತು ಬಂದು ಎಲ್ಲರೂ ಚಾವಣಿ ನೋಡುತ್ತಿದ್ದಾಗ ಆರ್ವೋ "ನಾನು ಮಾಡ್ತೀನಿ" ಅಂದ.

"ನಾಲ್ಕೂ?" ಗುಂಪನ್ನು ನಡೆಸುತ್ತಿದ್ದ ಗ್ಲೆಂಡಾ ಫ್ರಾತೇಸಿ ಕೇಳಿದಳು. ಅಂಚೆ ಕಚೇರಿಯಲ್ಲಿದ್ದವಳು, ಎಲ್ಲವೂ ಹೊತ್ತಿಗೆ ಸರಿಯಾಗಿ ಆಗಬೇಕು ಅವಳಿಗೆ.

"ನಾಲ್ಕಿಲ್ಲದೆ ಸುತ್ತು ಕೂಡಲ್ಲವಲ್ಲ."

ಹಾಗೆ ಶುರುವಾಯಿತು. ಚಪ್ಪಲಿ ರಿಪೇರಿ ಅಂಗಡಿಯ ಮೇಲಿನ ಅವನ ಬಾಡಿಗೆ ಮನೆಯಲ್ಲಿ ಪ್ಲೈವುಡ್ ಕೊಯ್ಯುವ ಜಾಗವಿಲ್ಲ. ಅಂಗಡಿಯ ಹಿತ್ತಲಲ್ಲಿ ಬೇಸಿಗೆಯಿಡೀ ಕೊಯ್ದ, ಚಳಿಗಾಲದಲ್ಲಿ ಒಳಗೆ ಕೂತು ಹಳಿ ಕೂರಿಸಿದ. ಪ್ಲಾಸ್ಟರಿನಲ್ಲಿ ಬಂಡೆ ಮಾಡಿ ಬೂದು, ಕೆಂಪು, ಕಪ್ಪು ಬಣ್ಣವನ್ನು ತೆಳ್ಳಗೆ ಮಾಡಿ ಹರಿಬಿಟ್ಟ. ಸರೋವರದ ಬಡಗಣ ದಂಡೆಯಲ್ಲಿ ಹೆದ್ದಾರಿಗಾಗಿ ಒಡೆದ ಬಂಡೆ ಹೇಗಿರುತ್ತದೋ ಹಾಗೆಯೇ ಬಂತು. ಮೂರು ಚಳಿಗಾಲದಲ್ಲಿ ನಾಲ್ಕು ಮೂಲೆ ಮುಗಿದವು. ಅವುಗಳಿಗೆಂದೇ ಹಳೆಯ ವ್ಯಾನೊಂದನ್ನು ಕೊಂಡ.

ಆಮೇಲೆ ವರ್ಷಗಟ್ಟಲೆ ಪ್ರದರ್ಶನ ಶುರುವಾಗುವುದೇ ಆರ್ವೋನಿಂದ ಎಂಬಂತಾಯಿತು. ಅವನು ಮೊದಲು ಬಂದು ಮೂಲೆಗಳನ್ನು ನೆಲಕ್ಕೆ ಸಮ ಮಾಡಿ ನಿಲ್ಲಿಸಬೇಕು, ಅದರ ಮೇಲೆ ಉಳಿದವರದು. "ಮೂಲೆ ಬಂತಾ?" ಎಂದು ಕೇಳುತ್ತಲೇ ಗ್ಲೆಂಡಾ ಬಾಗಿಲಲ್ಲಿ ಕಾಣಿಸಿಕೊಳ್ಳುತ್ತಿದ್ದಳು. ರೈಲುಗಳು ಓಡತೊಡಗಿದ ಮೇಲೆ ಆರ್ವೋ ಒಂದು ಮೂಲೆಯಿಂದ ಇನ್ನೊಂದಕ್ಕೆ ಹೋಗಿ ಹಳಿ ಕೂಡುವ ಜಾಗವನ್ನು ಬೆರಳಲ್ಲಿ ಸವರಿ ನೋಡುತ್ತಿದ್ದ. ಡಬ್ಬಿ ಹಳಿ ತಪ್ಪುವುದು ಅಲ್ಲಿಯೇ. ತಪ್ಪಿದರೆ ಇಡೀ ಜಿಮ್ಮಿಗೆ ಕೇಳುವಂತೆ ಓರೆಸ್ಟ್ "ಆರ್ವೋ, ನಿನ್ನ ಬಂಡೆ ನನ್ನ ಗೋಧಿ ತಿಂತು!" ಎಂದು ಕೂಗುತ್ತಿದ್ದ. ಎಲ್ಲರೂ ನಗುತ್ತಿದ್ದರು, ಆರ್ವೋನೂ ನಗುತ್ತಿದ್ದ. ಪ್ರದರ್ಶನದ ಆ ಎರಡು ದಿನ ಅವನ ಹೆಸರು ಕರೆಯುವವರು ಇದ್ದರು. ಮುಂದಿನ ಪ್ರದರ್ಶನದ ತನಕ ಅವನಿಗೆ ಅಷ್ಟು ಸಾಕಾಗುತ್ತಿತ್ತು.

ನಿವೃತ್ತನಾದ ಮೇಲಿನ ನವೆಂಬರ್ ಅದು. ಪ್ರದರ್ಶನದ ಬೆಳಗ್ಗೆ ವ್ಯಾನು ಬಿಸಿಯಾಗಲೆಂದು ಚಾಲೂ ಮಾಡಲು ಹಿಂದಿನ ಮೆಟ್ಟಿಲಿಳಿಯುತ್ತಿದ್ದ. ರಾತ್ರಿ ಮಳೆ ಬಿದ್ದು ಹೆಪ್ಪುಗಟ್ಟಿತ್ತು. ಕಾಲು ಜಾರಿ ಕೆಳಗೆ ಬಿದ್ದ, ಹಿಮ್ಮಡಿಯ ಮೇಲೆ ಏನೋ ಲಟಕ್ಕೆಂದಿತು. ಏಳಲಾಗಲಿಲ್ಲ. ನಾಯಿ ಅಡ್ಡಾಡಿಸಲು ಬಂದ ಹೆಂಗಸೊಬ್ಬಳು ನೋಡಿ ಆಂಬುಲೆನ್ಸ್ ಕರೆಸಿದಳು. ಫೋನು ಮೇಲೆ ಅಡುಗೆಮನೆಯಲ್ಲಿಯೇ ಉಳಿಯಿತು.

ಆಸ್ಪತ್ರೆಯಲ್ಲಿ ನರ್ಸು ಕೇಳಿದಳು, "ಯಾರಿಗೆ ಹೇಳಿ ಕಳಿಸಲಿ?"

ಆರ್ವೋ ಯೋಚಿಸಿದ. ಅಕ್ಕನಿಗೆ ಹೇಳಿದರೆ ಅಲ್ಲಿಂದ ಬರಲಾರಳು, ಸುಮ್ಮನೆ ಅಳುತ್ತಾಳೆ. ಗುಂಪಿನವರ ನಂಬರು ಯಾವುದೂ ಬಾಯಿಪಾಠವಿಲ್ಲ.

"ಯಾರಿಗೂ ಬೇಡ."

"ಮನೆಗೆ ಕರ್ಕೊಂಡು ಹೋಗೋಕೆ?"

"ಟ್ಯಾಕ್ಸಿ ಇದೆಯಲ್ಲ."

ಮೂಳೆಗೆ ತಗಡು ಕೂರಿಸಿ, ಪಟ್ಟಿ ಕಟ್ಟಿ ಕಳಿಸಿದರು. ಟ್ಯಾಕ್ಸಿಯವನ ಹೆಗಲು ಹಿಡಿದು ಮೆಟ್ಟಿಲು ಹತ್ತಿ ಮನೆ ಸೇರಿದವನು ಮೊದಲು ಫೋನು ತೆಗೆದು ನೋಡಿದ. ಗ್ಲೆಂಡಾಳ ದನಿಯ ಸಂದೇಶಗಳು ಸಾಲಾಗಿ ಕೂತಿದ್ದವು. "ಆರ್ವೋ, ಹೊರಟ್ರಾ? ಮೂಲೆಗೆ ಕಾಯ್ತಿದ್ದೀವಿ." "ಆರ್ವೋ, ಎಲ್ಲಿದ್ದೀರಿ? ಎಲ್ಲರೂ ಕೈ ಕಟ್ಟಿಕೊಂಡು ನಿಂತಿದ್ದೀವಿ." "ನೋಡಿ, ಮೂಲೆ ಇಲ್ಲದೆ ನಾವೇನು ಮಾಡಬೇಕು?" ಕೊನೆಯದು ಬೇರೆ ಥರ ಇತ್ತು, ಹಿಂದೆ ಗದ್ದಲ, ನಗು. "ಆರ್ವೋ, ಚಿಂತೆ ಮಾಡಬೇಡಿ, ಹೇಗೋ ಆಯ್ತು!" ಅದರ ನಂತರ ಯಾರದೂ ಇರಲಿಲ್ಲ.

ಅವನೇ ಫೋನ್ ಮಾಡಿ ಬಿದ್ದ ವಿಷಯ ಹೇಳಿದ.

"ಅಯ್ಯೋ ದೇವರೇ!" ಗ್ಲೆಂಡಾ ನಿಜವಾಗಿ ನೊಂದುಕೊಂಡಳು. "ಒಂದು ಮಾತು ತಿಳಿಸಬಾರದಿತ್ತಾ? ನಾವು ಏನೇನೋ ಅಂದ್ಕೊಂಡ್ವಿ." ಆಮೇಲೆ ತಡೆಯಲಾರದೆ ಹೇಳಿದಳು. "ಆದ್ರೆ ಕೇಳಿ, ಏನಾಯ್ತು ಗೊತ್ತಾ? ಸುತ್ತು ಕೂಡಲಿಲ್ಲ ಅಂತ ಎಲ್ಲ ತುಂಡನ್ನೂ ಉದ್ದಕ್ಕೆ ಜೋಡಿಸಿಬಿಟ್ವಿ. ಈ ಗೋಡೆಯಿಂದ ಆ ಗೋಡೆಗೆ. ನಿಜವಾದ ರೈಲು ಹೋಗೋ ಹಾಗೇ ಒಂದೂರಿಂದ ಹೊರಟು ಇನ್ನೊಂದೂರಿಗೆ! ಜನ ಎರಡೂ ಕಡೆ ನಿಂತು ನೋಡಿದ್ರು. ಇಷ್ಟು ಚೆನ್ನಾಗಿ ಯಾವತ್ತೂ ಆಗಿರಲಿಲ್ಲ ನೋಡಿ."

"ಒಳ್ಳೇದಾಯ್ತು" ಅಂದ ಆರ್ವೋ.

ಜನವರಿಯ ಸಭೆಗೆ ಕೋಲೂರಿಕೊಂಡು ಹೋದ. ಎಲ್ಲರೂ ಎದ್ದು ಬಂದು ಕಾಲು ವಿಚಾರಿಸಿದರು, ಗುಲಾಬಿ ಸಕ್ಕರೆ ಬಳಿದ ಪರ್ಷಿಯನ್ ಬನ್ನು ತಂದು ಕೈಗೆ ಕೊಟ್ಟರು. ಆಮೇಲೆ ಗ್ಲೆಂಡಾ ವಿಷಯ ಎತ್ತಿದಳು. ಇನ್ನು ಮುಂದೆ ಉದ್ದದ ದಾರಿಯೇ ಇರಲಿ ಅಂತ ಬಹಳ ಜನರ ಅಭಿಪ್ರಾಯ. ಯಾರದಾದರೂ ತಕರಾರು ಇದೆಯೇ? ಎಲ್ಲರೂ ಆರ್ವೋನ ಕಡೆ ನೋಡದಿರಲು ಪ್ರಯತ್ನಪಟ್ಟರು.

"ನನ್ನದೇನೂ ಇಲ್ಲ," ಆರ್ವೋ ಹೇಳಿದ. "ಮೂಲೆ ಎತ್ತಿ ಎತ್ತಿ ನನಗೂ ಬೆನ್ನು ಬಿದ್ದುಹೋಗಿತ್ತು."

ಅದಕ್ಕೂ ಎಲ್ಲರೂ ನಕ್ಕರು. ಬನ್ನನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು ಮನೆಗೆ ಬಂದ. ತಿನ್ನುವ ಮನಸ್ಸಾಗಲಿಲ್ಲ.

ನಾಲ್ಕು ಮೂಲೆಗಳು ಹಿಂದಿನ ಕೋಣೆಯ ಗೋಡೆಗೆ ಒರಗಿಕೊಂಡಿದ್ದವು. ಕೆಲವು ದಿನ ಆ ಕೋಣೆಯ ಬಾಗಿಲು ತೆಗೆಯಲಿಲ್ಲ. ಫೆಬ್ರವರಿಯಲ್ಲಿ ಊರೆಲ್ಲ ಹಿಮದಡಿ ಹುದುಗಿ ಹೊರಗೆ ಕಾಲಿಡಲಾಗದಂತಾದಾಗ, ಪ್ಲೈವುಡ್ ಸೊಟ್ಟಗಾಗಿದೆಯೇನೋ ನೋಡೋಣವೆಂದು ಒಂದನ್ನು ಹಜಾರಕ್ಕೆ ತಂದು ಕಾಲು ಹಾಕಿ ನಿಲ್ಲಿಸಿದ. ಅದಕ್ಕೆ ಇನ್ನೊಂದನ್ನು ಜೋಡಿಸಿದ. ಸೋಫಾವನ್ನು ಗೋಡೆಗೆ ತಳ್ಳಿದ, ಊಟದ ಮೇಜನ್ನು ಅಡುಗೆಮನೆಗೆ ಎಳೆದ. ನಾಲ್ಕನೆಯದನ್ನು ಕೂಡಿಸಿ ಕ್ಲಾಂಪು ಬಿಗಿದಾಗ ಹಳಿಗೆ ಹಳಿ ಸೇರಿ ಸುತ್ತು ಪೂರ್ತಿಯಾಯಿತು. ನಡುವೆ ನೇರ ತುಂಡು ಒಂದೂ ಬೇಕಾಗಿರಲಿಲ್ಲ. ಇಷ್ಟು ವರ್ಷ ಇದು ಅವನ ತಲೆಗೇ ಹೊಳೆದಿರಲಿಲ್ಲ. ಬಗ್ಗಿ ಒಳಗೆ ನುಸುಳಿ, ನಡುವೆ ಒಂದು ಸ್ಟೂಲು ಹಾಕಿಕೊಂಡು ಕೂತು, ತನ್ನ ಒಂದೇ ಒಂದು ಇಂಜಿನ್ನನ್ನು ಓಡಿಸಿದ. ಬಂಡೆಯ ಹಿಂದೆ ಹೋಗುವುದು, ಸ್ಪ್ರೂಸ್ ಮರಗಳ ನಡುವೆ ಬರುವುದು, ಮತ್ತೆ ಬಂಡೆ. ಅವನು ಕುತ್ತಿಗೆ ತಿರುಗಿಸುತ್ತಾ ನೋಡಿದ, ಆಮೇಲೆ ಇಡೀ ಮೈ ತಿರುಗಿಸುತ್ತಾ ನೋಡಿದ. ಎಲ್ಲಿಯೂ ಹಳಿ ತಪ್ಪಲಿಲ್ಲ. ತಪ್ಪಿದ್ದರೂ ಕೂಗಲು ಇಲ್ಲಿ ಓರೆಸ್ಟ್ ಇಲ್ಲವಲ್ಲ ಅನ್ನಿಸಿ ಇಂಜಿನ್ ನಿಲ್ಲಿಸಿದ.

ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಯಾರೋ ಬಾಗಿಲು ತಟ್ಟಿದರು. ಓರೆಸ್ಟ್. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ. ಕೈಯಲ್ಲಿ ಹೆಂಡತಿ ಮಾಡಿಕೊಟ್ಟ ಆಲೂಗಡ್ಡೆ ತುಂಬಿದ ಕಡುಬಿನಂಥ ಪೆರೋಗಿಯ ಡಬ್ಬಿ.

"ನಿನ್ನ ಮನೆ ಹುಡುಕೋಕೆ ಒಂದು ಗಂಟೆ ಬೇಕಾಯ್ತು ಕಣಯ್ಯ. ಚಪ್ಪಲಿ ಅಂಗಡಿ ಮೇಲೆ ಅಂತ ಒಂದು ಮಾತು ಹೇಳಬಾರದಾ? ನಮ್ಮಲ್ಲಿ ಒಬ್ಬರಿಗೂ ಗೊತ್ತಿಲ್ಲ. ಅವತ್ತು ನೀನು ಬರದೇ ಇದ್ದಾಗ ಹೋಗಿ ನೋಡೋಣ ಅಂದೆ, ಎಲ್ಲಿಗೆ ಅಂತ ಹೋಗಲಿ?"

ಒಳಗೆ ಕಾಲಿಟ್ಟವನು ಸುತ್ತನ್ನು ಕಂಡು ಗೋಡೆಗೆ ಒತ್ತಿ ನಿಂತ. ಹಜಾರದಲ್ಲಿ ಅದನ್ನು ಬಿಟ್ಟರೆ ಕಾಲಿಡುವಷ್ಟೂ ಜಾಗವಿರಲಿಲ್ಲ.

"ಊಟ ಎಲ್ಲಿ ಮಾಡ್ತೀಯ?"

"ಅಡುಗೆಮನೇಲಿ, ನಿಂತ್ಕೊಂಡು."

"ಮಲಗೋದು?"

"ಅಲ್ಲಿ. ಹಿಂದಿನ ಕೋಣೆಗೆ ಇದರ ಕೆಳಗಿಂದ ತೂರ್ಕೊಂಡು ಹೋಗ್ತೀನಿ."

"ಆ ಕಾಲಿಟ್ಕೊಂಡು?" ಓರೆಸ್ಟ್ ಕೋಟು ತೆಗೆದ. ಹೊಟ್ಟೆ ಹಿಡಿದುಕೊಂಡು, ಬಯ್ದುಕೊಳ್ಳುತ್ತಾ, ಮಂಡಿಯ ಮೇಲೆ ತೆವಳಿ ಸುತ್ತಿನೊಳಗೆ ಹೋದ. ಆರ್ವೋ ಕಾಫಿ ಮಾಡಿ ಎರಡು ಲೋಟ ಹಳಿಯ ಮೇಲಿಂದ ಅವನ ಕೈಗೆ ದಾಟಿಸಿ ತಾನೂ ನುಸುಳಿದ. ಇಬ್ಬರೂ ಒಳಗೆ ನಿಂತರೆ ಬೆನ್ನಿಗೆ ಬೆನ್ನು ತಾಗುತ್ತಿತ್ತು.

"ಆಸ್ಪತ್ರೆಯಿಂದ ಯಾಕೆ ಹೇಳಿ ಕಳಿಸಲಿಲ್ಲ?"

"ಯಾರಿಗೆ ಹೇಳಲಿ?"

"ನನಗೆ ಹೇಳಬೇಕಪ್ಪಾ."

"ನಾನು ಬರದಿದ್ದರೆ ಮೂಲೆ ಬರಲಿಲ್ಲ ಅಂತ ನಿಮಗೆ ಬೇಜಾರು. ಅಷ್ಟೇ ಅಂದ್ಕೊಂಡಿದ್ದೆ."

ಓರೆಸ್ಟ್ ಲೋಟ ತುಟಿಗೆತ್ತಿದ. ಕಾಫಿ ಊದಿದ. "ಸುಳ್ಳು ಯಾಕೆ ಹೇಳಲಿ, ಅವತ್ತು ಬೆಳಗ್ಗೆ ಹಾಗೇ ಇತ್ತು. ಮಧ್ಯಾಹ್ನದ ಹೊತ್ತಿಗೆ ನನಗೆ ನಾಚಿಕೆ ಆಯ್ತು."

ಆರ್ವೋ ರಿಮೋಟು ಒತ್ತಿದ. ಇಂಜಿನ್ನು ಅವರ ಸುತ್ತ ಎರಡು ಬಾರಿ ಬಂತು. "ಬಂಡೆ ಚೆನ್ನಾಗಿದೆ ಮಾರಾಯ," ಓರೆಸ್ಟ್ ಮೂಗು ತಾಗುವಷ್ಟು ಬಗ್ಗಿ ಹೇಳಿದ. "ಇಷ್ಟು ಹತ್ತಿರದಿಂದ ನಾನು ನೋಡಿಯೇ ಇರಲಿಲ್ಲ."

ಹೋಗುವಾಗ, ಮತ್ತೆ ಬರುತ್ತೇನೆ ಅಂದ. ಬಂದ ಕೂಡ, ಏಪ್ರಿಲ್‌ನಲ್ಲಿ ಒಂದು ಸಲ. ಆಮೇಲೆ ಅವನ ಮಗಳಿಗೆ ಹೆರಿಗೆಯಾಗಿ ಆ ಓಡಾಟ ಹಿಡಿಯಿತು.

ಬೇಸಿಗೆಯ ಮೊದಲ ಪ್ರದರ್ಶನಕ್ಕೆ ಆರ್ವೋ ಬರಿಗೈಯಲ್ಲಿ ಹೋದ. ಅಭ್ಯಾಸಬಲ, ಎಲ್ಲರಿಗಿಂತ ಮೊದಲೇ ಜಿಮ್ಮು ತಲುಪಿದ. ನಿಲ್ಲಿಸಲು ಏನೂ ಇಲ್ಲ, ಆದ್ದರಿಂದ ಕುರ್ಚಿ ಜೋಡಿಸಿದ. ದಾರಿ ಗೋಡೆಯಿಂದ ಗೋಡೆಗೆ ಸಿದ್ಧವಾಯಿತು. ಗ್ಲೆಂಡಾ ಹೇಳಿದ್ದು ನಿಜವಿತ್ತು, ಬಹಳ ಚೆನ್ನಾಗಿತ್ತು. ಓರೆಸ್ಟ್ ಕರೆದು ರಿಮೋಟು ಕೊಟ್ಟು, "ಇಪ್ಪತ್ತು ಡಬ್ಬಿ ಗೋಧಿ, ಆ ತುದಿಗೆ ಮುಟ್ಟಿಸು" ಅಂದ.

ಸುತ್ತಿನಲ್ಲಾದರೆ ನಿಂತಲ್ಲೇ ನಿಂತು ಓಡಿಸಬಹುದಿತ್ತು. ಇಲ್ಲಿ ರೈಲಿನ ಜತೆ ನಡೆಯಬೇಕು. ಆರ್ವೋ ಸ್ವಲ್ಪ ಕುಂಟುತ್ತಾ ಅದರ ಪಕ್ಕದಲ್ಲೇ ನಡೆದ. ಒಬ್ಬೊಬ್ಬರ ತುಂಡನ್ನೂ ರೈಲು ದಾಟಿತು, ಗರಗಸದ ಕಾರ್ಖಾನೆ, ಚರ್ಚು, ಯಾರದೋ ಅಜ್ಜನ ಮನೆ. ತಮ್ಮ ತುಂಡಿನ ಹಿಂದೆ ನಿಂತವರು ಜನರೊಡನೆ ಮಾತಾಡುತ್ತಿದ್ದರು. ಕೆಲವರು ತಲೆಯೆತ್ತಿ ಹುಬ್ಬು ಹಾರಿಸಿದರು. ಆ ತುದಿ ಮುಟ್ಟಿ ರೈಲು ನಿಂತಾಗ ಅಲ್ಲಿ ಬೇರೊಬ್ಬರು ಅದನ್ನು ವಹಿಸಿಕೊಂಡರು.

ಸಂಜೆ ಎಲ್ಲರೂ ತಮ್ಮ ತಮ್ಮ ತುಂಡು ಕಳಚಿ ಕಾರಿಗೆ ಹೊರುತ್ತಿದ್ದರು. ಆರ್ವೋ ಬಾಗಿಲು ಹಿಡಿದು ನಿಂತ. "ಥ್ಯಾಂಕ್ಸ್ ಆರ್ವೋ," "ಬರ್ತೀವಿ ಆರ್ವೋ" ಅನ್ನುತ್ತಾ ಒಬ್ಬೊಬ್ಬರಾಗಿ ದಾಟಿದರು. ಕೊನೆಯಲ್ಲಿ ಗ್ಲೆಂಡಾ ಕೀಲಿಕೈ ಗೊಂಚಲು ಹಿಡಿದು ಬಂದಳು.

"ನವೆಂಬರ್‌ಗೆ ಒಂದು ನೇರ ತುಂಡು ಮಾಡ್ತೀರಾ? ದಾರಿ ಇನ್ನೂ ಉದ್ದ ಆಗಲಿ."

"ನೋಡೋಣ," ಅಂದ ಆರ್ವೋ.

ದೀಪ ಆರಿಸಿ ಬೀಗ ಹಾಕಿದರು. ಅವಳ ಕಾರು ಹೋಯಿತು. ಆರ್ವೋ ವ್ಯಾನು ಹೊರಡಿಸಿದ. ಹಿಂದೆ ಮೂಲೆಗಳ ಭಾರವಿಲ್ಲದ್ದರಿಂದ ರಸ್ತೆಯ ಪ್ರತಿ ಗುಂಡಿಗೂ ಅದು ಖಡಖಡ ಅನ್ನುತ್ತಿತ್ತು. ಸರೋವರದ ಮೇಲೆ ಇನ್ನೂ ಬೆಳಕಿತ್ತು. ಮನೆಯ ಕಡೆ ತಿರುಗುವ ರಸ್ತೆ ಬಂದರೂ ತಿರುಗದೆ, ಬಂದರಿನ ನೇರ ದಾರಿ ಹಿಡಿದು ಸ್ವಲ್ಪ ದೂರ ಸುಮ್ಮನೆ ಹೋದ.