ಸೀಟಿ ಅಕ್ಕನ ಕಾಲುಜ್ಜುವ ಕಲ್ಲು

ಈಜುಕೊಳದ ಶಿಕ್ಷಕಿಯನ್ನು ಎಲ್ಲರೂ ಸೀಟಿ ಅಕ್ಕ ಎಂದೇ ಕರೆಯುತ್ತಾರೆ. ಕೊರಳಲ್ಲಿ ಸದಾ ಸೀಟಿ, ಕಾಲಲ್ಲಿ ಎಂದೂ ಚಪ್ಪಲಿ ಇಲ್ಲ. ಹದಿನೆಂಟು ವರ್ಷ ಒದ್ದೆ ನೆಲದ ಮೇಲೆ ಬರಿಗಾಲಲ್ಲೇ ಓಡಾಡಿದ ಆಕೆಗೆ ನೀರಿನ ವಿಷಯದಲ್ಲಿ ಯಾರ ಬುದ್ಧಿಮಾತೂ ಬೇಕಿರಲಿಲ್ಲ. ಬೇರೆ ವಿಷಯಗಳಲ್ಲೂ ಬೇಕಿರಲಿಲ್ಲ ಅನ್ನಿ.

ಹಿಮ್ಮಡಿಯಲ್ಲಿ ಗಂಟೊಂದು ಎದ್ದಾಗ "ಆಣಿ, ಅಷ್ಟೇ" ಎಂದು ತಾನೇ ತೀರ್ಪು ಕೊಟ್ಟಳು. ಕೊಳದ ಪಕ್ಕದ ಸ್ನಾನದ ಕೋಣೆಯ ಕಟ್ಟೆಯ ಮೇಲಿದ್ದ ಒರಟು ಕಲ್ಲಿನಿಂದ ದಿನವೂ ಉಜ್ಜಿದಳು. ಮಕ್ಕಳೂ ಅದೇ ಕಲ್ಲಿನಿಂದ ಅಂಗಾಲು ಉಜ್ಜಿಕೊಂಡೇ ಕೊಳಕ್ಕಿಳಿಯಬೇಕೆಂಬುದು ಆಕೆಯ ಕಟ್ಟಪ್ಪಣೆ.

ಆರು ತಿಂಗಳಾದ ಮೇಲೆ, ಈಜು ಕಲಿಯಲು ಬರುತ್ತಿದ್ದ ದರ್ಜಿಯ ಮಗಳ ಅಂಗಾಲಲ್ಲಿ ನರಹುಲಿ ಕಾಣಿಸಿತು. ತಾಯಂದಿರ ಗುಸುಗುಸು ಶುರುವಾಯಿತು. "ವಾಸಿಯಾಗೋ ತನಕ ಬರಬೇಡ ಪುಟ್ಟಿ, ಎಲ್ಲರಿಗೂ ಅಂಟಿಸಿಬಿಡ್ತೀಯ," ಎಂದು ಸೀಟಿ ಅಕ್ಕ ಎಲ್ಲರೆದುರೇ ಹೇಳಿಬಿಟ್ಟಳು. ತರಗತಿಗೇ ಚುರುಕಾದ ಆ ಹುಡುಗಿ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಹೊರಟುಹೋದಳು.

ಮುಂದಿನ ವಾರ ಅಕ್ಕನಿಗೇ ಕಾಲೂರಲಾಗಲಿಲ್ಲ. ಚರ್ಮದ ಡಾಕ್ಟರು ಗಂಟನ್ನು ಎರಡೂ ಬದಿಯಿಂದ ಹಿಂಡಿದರು. ಅಕ್ಕ ಚೀರಿದಳು.

"ಆಣಿಯಾಗಿದ್ರೆ ಮೇಲಿಂದ ಒತ್ತಿದಾಗ ಹೆಚ್ಚು ನೋಯುತ್ತೆ. ಇದು ನರಹುಲಿ, ವೈರಸ್ಸಿಂದ ಬರೋದು. ಈ ಕಪ್ಪು ಚುಕ್ಕಿಗಳು ಹೆಪ್ಪುಗಟ್ಟಿದ ಸಣ್ಣ ರಕ್ತನಾಳ. ನೀವು ಉಜ್ಜೋ ಕಲ್ಲನ್ನ ಬೇರೆ ಯಾರಾದ್ರೂ ಬಳಸ್ತಾರಾ?"

ನಾಚಿಕೆಯಿಂದ ಅಕ್ಕನ ಕಿವಿ ಬಿಸಿಯಾಯಿತು.

"ದಿನಾ ಬಿಸಿನೀರಲ್ಲಿ ಕಾಲು ನೆನೆಸಿ, ಈ ಔಷಧಿ ಗಂಟಿನ ಮೇಲಷ್ಟೇ ಹಚ್ಚಿ. ಬ್ಲೇಡು ಮುಟ್ಟಿಸಬೇಡಿ. ತಿಂಗಳುಗಟ್ಟಲೆ ಹಿಡಿಯಬಹುದು, ತಾಳ್ಮೆ ಬೇಕು. ನೆಲದ ಮೇಲೆ ಚಪ್ಪಲಿ, ನೀರಲ್ಲಿ ಗಂಟಿನ ಮೇಲೆ ಪ್ಲಾಸ್ಟರು ಪಟ್ಟಿ. ಈಜೋದನ್ನ ನಿಲ್ಲಿಸಬೇಕಾಗಿಲ್ಲ."

ಆ ಕೊನೆಯ ಮಾತು ನರಹುಲಿಗಿಂತ ಹೆಚ್ಚು ಚುಚ್ಚಿತು. ಅಕ್ಕ ನೆಟ್ಟಗೆ ಕೊಳಕ್ಕೆ ಹೋಗಿ ಕಲ್ಲನ್ನು ಕಸದ ಡಬ್ಬಿಗೆಸೆದಳು. ಅಲ್ಲಿಂದ ದರ್ಜಿಯ ಅಂಗಡಿಗೆ ಕುಂಟುತ್ತಾ ನಡೆದಳು. ತಪ್ಪೊಪ್ಪಿಕೊಳ್ಳುವುದರಲ್ಲೂ ಆಕೆಗೆ ಅಳುಕಿರಲಿಲ್ಲ.

ಮರುದಿನ ಬೆಳಿಗ್ಗೆ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಾಯಂದಿರ ಎದುರಿಗೆ ತನ್ನ ಅಂಗಾಲು ಎತ್ತಿ ಹಿಡಿದಳು. "ನೋಡ್ಕೊಳ್ಳಿ. ಮೊದಲು ಬಂದದ್ದು ನನಗೆ. ಕಲ್ಲು ನಂದು, ಅಪ್ಪಣೆನೂ ನಂದು. ಈ ಮಗುವಿನದು ಏನೂ ತಪ್ಪಿಲ್ಲ."

ಆಮೇಲೆ ಸೀಟಿಯನ್ನು ತೊಳೆದು ಹುಡುಗಿಯ ಕೊರಳಿಗೆ ಹಾಕಿದಳು. "ಇವತ್ತು ನೀನು ಊದು, ಪುಟ್ಟಿ."

ಹೊಸ ಚಪ್ಪಲಿ ಬೆಂಚಿನ ಕೆಳಗೇ ಬಿದ್ದಿತ್ತು. ಅಕ್ಕ ರೂಢಿಯಂತೆ ಬರಿಗಾಲಲ್ಲಿ ನಾಲ್ಕು ಹೆಜ್ಜೆ ಇಟ್ಟಿದ್ದಳಷ್ಟೇ, ಕಿವಿ ಕಿತ್ತುಹೋಗುವಂತೆ ಸೀಟಿ ಮೊಳಗಿತು.

"ಅಕ್ಕಾ, ಚಪ್ಪಲಿ!"

ಹದಿನೆಂಟು ವರ್ಷದಲ್ಲಿ ಮೊದಲ ಸಲ ಸೀಟಿ ಅಕ್ಕ ಮರುಮಾತಿಲ್ಲದೆ ಹಿಂದಿರುಗಿದಳು.