ಅಪ್ಪನ ತೆಪ್ಪದ ಸದ್ದು

ದೆವ್ವ, ಗಾಳಿ ಅಂತ ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುತ್ತಿದ್ದವಳು. ಹ್ಯಾಂಡ್‌ಪೋಸ್ಟ್ ಪೇಟೆಯಲ್ಲಿ ಮೀನು ಮಾರುವವಳಿಗೆ ಅಂಥ ಕತೆ ಕೇಳಲು ಪುರುಸೊತ್ತಾದರೂ ಎಲ್ಲಿ? ಈಗ ನಾನು ಹೇಳುವುದನ್ನು ನೀವು ನಂಬಲೇಬೇಕೆಂದೇನಿಲ್ಲ.

ಕಬಿನಿ ಹಿನ್ನೀರಿನ ದಡದಲ್ಲಿ ನಮ್ಮ ಮನೆ. ಕತ್ತಲಾಗುವ ಹೊತ್ತಿಗೆ ಮೀನು ಹಿಡಿದು ವಾಪಸು ಬರುವ ಗಂಡಸರು ಹುಟ್ಟುಗೋಲಿನಿಂದ ತೆಪ್ಪದ ಅಂಚಿಗೆ ಬಡಿಯುತ್ತಿದ್ದರು. ಒಬ್ಬೊಬ್ಬರದು ಒಂದೊಂದು ಬಡಿತ. ತಮ್ಮವರ ಬಡಿತ ಕೇಳಿದ ಹೆಂಗಸರು ದಡಕ್ಕೆ ಹೋಗಿ ಬೆಳಕು ತೋರಿಸಬೇಕು. ಅವ್ವ ತೀರಿಕೊಂಡ ಮೇಲೆ ಅಪ್ಪನಿಗೆ ನಾನೇ ತೋರಿಸುತ್ತಿದ್ದೆ. ಎರಡು ಜೋರಾಗಿ, ಆಮೇಲೆ ತಡೆದು ಒಂದು ಮೆಲ್ಲಗೆ ಬಡಿದರೆ ಅದು ಅಪ್ಪ.

ಬರಬರುತ್ತಾ ಮೀನು ಕಡಿಮೆಯಾಗಿ ಒಬ್ಬೊಬ್ಬರೇ ಕೂಲಿಗೆ, ರೆಸಾರ್ಟ್ ಕೆಲಸಕ್ಕೆ ಹೊರಟುಹೋದರು. ಊರಲ್ಲಿ ಉಳಿದದ್ದು ನಮ್ಮದೊಂದೇ ತೆಪ್ಪ, ಅದೂ ಅಂಗಳದಲ್ಲಿ ಬೋರಲು ಬಿದ್ದಿತ್ತು. ಅಪ್ಪನಿಗೆ ಎದೆನೋವು. ಆದರೂ ನನ್ನ ಕಣ್ಣು ತಪ್ಪಿಸಿ ಅದನ್ನು ನೀರಿಗೆ ಎಳೆಯಲು ಹೋಗುತ್ತಿದ್ದ. ಒಂದು ದಿನ ನೀರಲ್ಲೇ ಹೋಗಿಬಿಡುತ್ತಾನೆ ಎಂಬ ಭಯ ನನಗೆ. ರೆಸಾರ್ಟಿನವರೊಬ್ಬರು ಊಟದ ಕೋಣೆಯಲ್ಲಿ ಅಲಂಕಾರಕ್ಕೆ ತೂಗುಹಾಕಲು ತೆಪ್ಪ ಕೇಳಿದ್ದರು. ಕೊಡೋಣ ಅಂದಿದ್ದಕ್ಕೆ ಅಪ್ಪ ಹುಟ್ಟು ಹಿಡಿದು ನನಗೇ ಹೊಡೆಯಲು ಬಂದಿದ್ದ.

ಆ ಸಂಜೆ ಅಪ್ಪ ಒಳಗೆ ಮಲಗಿದ್ದ, ನಾನು ಒಲೆ ಮುಂದಿದ್ದೆ. ನೀರಿನ ಕಡೆಯಿಂದ ಸದ್ದು ಬಂತು. ಎರಡು ಜೋರು, ಒಂದು ಮೆಲ್ಲಗೆ. ತಿರುಗಿ ನೋಡಿದರೆ ಅಪ್ಪನೂ ಕಣ್ಣು ಬಿಟ್ಟು ಕೇಳಿಸಿಕೊಳ್ಳುತ್ತಿದ್ದ.

"ನಾನ್ ಬಂದೆ ಕಣವ್ವ," ಅಂದ. "ಓಗು, ಬೆಳಕ್ ತೋರ್ಸು."

ಟಾರ್ಚ್ ಹಿಡಿದು ಹೊರಗೆ ಬಂದೆ. ತೆಪ್ಪ ಅಂಗಳದಲ್ಲೇ ಇತ್ತು. ನೀರಿನ ಮೇಲೆ ಏನೂ ಕಾಣಲಿಲ್ಲ. ಸದ್ದು ಮಾತ್ರ ನನ್ನ ಬೆಳಕಿನ ನೇರಕ್ಕೆ ಹತ್ತಿರ ಬಂದು ದಡದಲ್ಲಿ ನಿಂತಿತು. ಪಕ್ಕದ ಮನೆಯ ಸಾಕಮ್ಮನೂ ಬಡಿತ ಕೇಳಿ ಎದ್ದು ಬಂದಿದ್ದಳು.

"ನಿಮ್ಮಪ್ಪ ಇನ್ನೂವೆ ಬರ್ನಿಲ್ವಾ ಮಗ?" ಅಂದಳು. ಅಂದವಳೇ ಅಂಗಳದ ತೆಪ್ಪ ನೋಡಿ ಹಿಂದೆ ಸರಿದಳು. ಅಪ್ಪ ನೀರಿಗಿಳಿಯದೆ ತಿಂಗಳುಗಳೇ ಆಗಿದ್ದು ಅವಳಿಗೂ ಗೊತ್ತಿತ್ತು.

ಬೆಳಿಗ್ಗೆ ಅಪ್ಪ ಗಂಜಿ ಕುಡಿಯುತ್ತಾ, "ಆ ತೆಪ್ಪ ಕೊಟ್ಬುಡವ್ವ. ನಾನ್ ನೆನ್ನೆನೇ ಬಂದ್ಬುಟ್ನಲ್ಲ, ಇನ್ಯಾಕದು?" ಅಂದ. ನಾನು ಬೇಡಿಕೊಂಡಿದ್ದೂ ಇದನ್ನೇ. ಆದರೂ ರೆಸಾರ್ಟಿನವರಿಗೆ ಹೇಳಿಕಳಿಸಲು ತಡಮಾಡಿದೆ.

ಆಮೇಲೆ ಅಪ್ಪ ನೀರಿನ ಕಡೆ ತಿರುಗಿಯೂ ನೋಡಲಿಲ್ಲ, ಮೀನಿನ ಮಾತೂ ಆಡಲಿಲ್ಲ. ಮಳೆಗಾಲಕ್ಕೆ ಮುಂಚೆಯೇ ಹೋಗಿಬಿಟ್ಟ. ಹಾಸಿಗೆಯಲ್ಲೇ, ನಾನು ಬಯಸಿದ ಹಾಗೆಯೇ. ತೆಪ್ಪದೊಳಗೆ ಈಗ ರೆಸಾರ್ಟಿನವರು ಬಲ್ಬು ಉರಿಸುತ್ತಾರೆ.

ಅಂದು ದಡಕ್ಕೆ ಬಂದದ್ದು ಏನು ಅಂತ ಇವತ್ತಿಗೂ ನನಗೆ ತಿಳಿದಿಲ್ಲ. ನಾನು ಬೆಳಕು ತೋರಿಸದೆ ಇದ್ದಿದ್ದರೆ ಅಪ್ಪ ಇನ್ನಷ್ಟು ದಿನ ನನ್ನ ಜೊತೆ ಜಗಳ ಆಡಿಕೊಂಡು ಇರುತ್ತಿದ್ದನೇನೋ.