ಐಹೊಳೆಯಲ್ಲಿ ಮುಳುಗಿದ ಹಡಗು

ಐಹೊಳೆಯ ಗುಡಿಗಳನ್ನು ತೋರಿಸುತ್ತಿದ್ದ ಗೈಡ್ ನಮ್ಮ ಪಕ್ಕದ ಮನೆಯವರು. ಸಮುದ್ರ ಕಂಡವರಲ್ಲ. ಆದರೂ ಪ್ರವಾಸಿಗರ ಮುಂದೆ ಹೆಗಲ ಮೇಲಿನ ಟವೆಲನ್ನು ಹಾಯಿಯಂತೆ ಬಿಚ್ಚಿ ಹಿಡಿದು, ಹಿಂದೆ ಕಡಲಾಚೆ ವ್ಯಾಪಾರ ಮಾಡಿದ್ದ ತಮ್ಮ ಹಿರಿಯರ ಹಡಗನ್ನು ದಿನವೂ ಬಿರುಗಾಳಿಗೆ ಸಿಕ್ಕಿಸಿ ಮುಳುಗಿಸುತ್ತಿದ್ದರು. ಬಸ್ಸು ತಡವಾದರೂ, ನಲ್ಲಿಯಲ್ಲಿ ನೀರು ಬರದಿದ್ದರೂ ಅವರದು ಒಂದೇ ಮಾತು: “ಆ ಹಡಗ ಮುಳಗಿದ್ದಿಲ್ಲಂದ್ರ ನಮ್ಮೂರು ಹಿಂಗ ಇರತಿತ್ತೇನ್ರಿ?”

ಒಮ್ಮೆ ಮಲಪ್ರಭೆ ಉಕ್ಕಿ ನಮ್ಮ ಓಣಿಗೇ ನುಗ್ಗಿತು. ಕರೆದೊಯ್ಯಲು ದೋಣಿ ಬಂತು. ಎಲ್ಲರೂ ಹತ್ತಿದೆವು. ಅವರೊಬ್ಬರೇ ಕಟ್ಟೆಯ ಮೇಲೆ ನಿಂತು ಕೈಮುಗಿದರು.

“ನಮ್ಮ ಮನಿತನಕ್ಕ ಹಡಗ ಆಗಿಬರಂಗಿಲ್ರಿ. ಹಿರಿಯಾರ ಕಾಲದಿಂದ ಹಂಗ ಐತಿ.”

ದೋಣಿಯಲ್ಲಿದ್ದ ಅವರ ಹೆಂಡತಿಗೆ ಸಿಟ್ಟು ನೆತ್ತಿಗೇರಿತು. “ಮದುವಿ ಆದಾಗಿಂದ ಆ ಹಡಗ ದಿನಾ ಮುಳಗೇತಿ. ಒಂದು ದಿನಾನೂ ಯಾರೂ ಸತ್ತಿಲ್ಲ. ಸುಮ್ನ ಹತ್ರಿ!”

ನನ್ನ ತೋಳು ಹಿಡಿದು ಹತ್ತಿದವರು ದಡ ಮುಟ್ಟುವವರೆಗೂ ಕಣ್ಣು ತೆರೆಯಲಿಲ್ಲ.

ನೆರೆ ಇಳಿದ ಮೇಲೆ ಗುಡಿಯ ಮುಂದೆ ಮತ್ತೆ ಟವೆಲು ಬಿಚ್ಚಿಕೊಂಡಿತು, ಹಡಗು ಮುಳುಗಿತು. ಪ್ರವಾಸಿಯೊಬ್ಬ ಮರುಗಿ ಕೇಳಿದ: “ಅಯ್ಯೋ, ಯಾರೂ ಉಳೀಲಿಲ್ವಾ?”

ಗೈಡ್ ಟವೆಲಿನಿಂದ ಕಣ್ಣೊರೆಸಿಕೊಂಡರು. “ನಾ ಒಬ್ಬಾವ ಉಳದೇನ್ರಿ.”